ತಲೆ ತಗ್ಗಿಸಿ ನಿಂತು ಗೆದ್ದ ಸೀಟು

ನನ್ನ ಮೊಮ್ಮಗಳಿಗೆ ರಾಯಚೂರಿನ ಬೋರ್ಡಿಂಗಿನಲ್ಲಿ ಸೀಟು ಸಿಕ್ಕಿದೆ!

ನೀರಮಾನ್ವಿಯಲ್ಲಿ ಈ ಸುದ್ದಿ ಗೊತ್ತಿಲ್ಲದ ಮನುಷ್ಯ ಈಗ ಉಳಿದಿಲ್ಲ. ಬಾವಿಗೆ ಬಂದವರಿಗೆಲ್ಲ ಹೇಳಿದ್ದೇನೆ. ದನ ಹೊಡೆದುಕೊಂಡು ಹೋಗುವವರನ್ನು ನಿಲ್ಲಿಸಿ ಹೇಳಿದ್ದೇನೆ. ಯಲ್ಲಮ್ಮನ ಗುಡಿಯ ಮುಂದೆ ಹೂವು ಮಾರುವವಳಿಗೆ ಎರಡು ಸಲ ಹೇಳಿದೆ. ಎರಡನೇ ಸಲ ಆಕೆ, “ಮುತ್ಯಾ, ನಿನ್ನೆ ಹೇಳಿದ್ದಿಯಲ್ಲ?” ಅಂದಳು. “ನಿನ್ನೆ ಹೇಳಿದ್ದು ನಿನ್ನೀದು, ಇವತ್ತಿಂದು ಕೇಳು” ಅಂದೆ. ಈಗ ಹೇಳೋಣವೆಂದರೆ ಜನ ಸಾಲದು. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನನ್ನ ಓದು ಅಷ್ಟಕ್ಕಷ್ಟೇ. ಶಾಲೆಯ ಒಳಗೆ ಕೂತವನಲ್ಲ. ಮೊಮ್ಮಗಳು ಹಗಲು ಕಲಿತ ಅಕ್ಷರವನ್ನು ಸಂಜೆ ನನ್ನ ಎದುರು ಕೂತು ಚರ್ಮದ ಚೂರಿನ ಮೇಲೆ ಮೊಳೆಯಿಂದ ಗೀರಿ ತೋರಿಸುತ್ತಿದ್ದಳು. ನಾಲ್ಕು ವರ್ಷ ಹಾಗೆ ಕಲಿತೆ. ನಡುನಡುವೆ ಆಕೆ ನನ್ನ ಕಿವಿ ಹಿಂಡಿದ್ದೂ ಉಂಟು. ಇದರಲ್ಲಿ ಏನಾದರೂ ತಪ್ಪಿದ್ದರೆ ಗುರುವಿನ ತಪ್ಪೆಂದು ತಿಳಿಯಬೇಕು.

ನಮ್ಮದು ಚರ್ಮದ ಕೆಲಸದ ಮನೆ. ಕೆರ ಹೊಲಿಯುತ್ತೇವೆ, ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಹೊಲಿಯುತ್ತೇವೆ, ಸುಗ್ಗಿಯಲ್ಲಿ ಕೂಲಿಗೆ ಹೋಗುತ್ತೇವೆ. ಮೊಮ್ಮಗಳಿಗೆ ಹದಿನಾಲ್ಕು ತುಂಬಿತು, ಊರ ಶಾಲೆಯಲ್ಲಿ ಇದ್ದಷ್ಟು ಓದೂ ಮುಗಿಯಿತು. ನವಾಬರ ರಾಜ್ಯ ಹೋಗಿ ವರ್ಷವಾಗಿತ್ತು. ಬಡವರ ಮಕ್ಕಳಿಗೆ ಊಟ ಹಾಕಿ, ಇರಲು ಜಾಗ ಕೊಟ್ಟು ಓದಿಸುವ ಬೋರ್ಡಿಂಗು ರಾಯಚೂರಿನಲ್ಲಿ ತೆರೆದಿದ್ದಾರೆ, ಹುಡುಗರಿಗೊಂದು, ಹುಡುಗಿಯರಿಗೊಂದು ಎಂದು ನಮ್ಮೂರಿನ ಮಾಸ್ತರರು ಬಂದು ತಿಳಿಸಿದರು.

“ಪರೀಕ್ಷಿ ಗಿರೀಕ್ಷಿ ಏನಿಲ್ಲ,” ಅಂದರು ಮಾಸ್ತರರು. “ಸಾಹೇಬ್ರ ಮುಂದ ನಿಂತು ತನ್ನ ಬಗ್ಗಿ ತಾನ ಹೇಳಬೇಕು. ಯಾವೂರು, ಯಾವುದ್ರ ಮ್ಯಾಲ ಮನಸ್ಸು, ಏನು ಬರ್ತದ, ಮುಂದ ಏನಾಗಬೇಕಂತ ಅದ. ಅಷ್ಟ.”

“ಆಕಿ ಯಾಕ ಹೇಳಬೇಕ್ರಿ? ಅಜ್ಜ ನಾ ಇಲ್ಲೇನು? ನಾನ ಹೇಳ್ತೀನಿ.”

“ಬೋರ್ಡಿಂಗಿಗೆ ಸೇರಾಂವ ನೀ ಏನೋ?” ಅಂದರು ಮಾಸ್ತರರು.

ಅವರಿಗೆ ನಗು. ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ನಾನೂ ಹದಿನಾಲ್ಕರ ವಯಸ್ಸಿನಲ್ಲಿ ಒಬ್ಬ ಸಾಹೇಬರ ಮುಂದೆ ನಿಂತು ನನ್ನ ಬಗ್ಗೆ ನಾನೇ ಹೇಳಿಕೊಂಡವನು.

ಆಗ ನಾವು ಇದ್ದದ್ದು ದೇವದುರ್ಗದ ಕಡೆಯ ಅರಕೇರಾದಲ್ಲಿ. ಊರ ಹೊರಗಿನ ಹುಣಸೆ ಮರದ ಕೆಳಗೆ ತಿರುಗಾಟಕ್ಕೆ ಬಂದ ಒಬ್ಬ ಅಧಿಕಾರಿಯ ಡೇರೆ ಬಿದ್ದಿತ್ತು. ನೋಡಲು ಹೋದ ಹುಡುಗರಲ್ಲಿ ನಾನೂ ಒಬ್ಬ. ಕಾಲಲ್ಲಿ ಕೆರ ಹಾಕಿಕೊಂಡು ಅಂಥವರ ಮುಂದೆ ಹೋಗುವ ಹಾಗಿರಲಿಲ್ಲ, ಅದಕ್ಕೆ ಬಗಲಲ್ಲಿ ಇಟ್ಟುಕೊಂಡಿದ್ದೆ. ಅಧಿಕಾರಿ ನನ್ನನ್ನು ಕರೆದು, “ಏ ಹುಡುಗಾ, ಏನು ಬರ್ತದ ನಿನಗ?” ಎಂದು ಕೇಳಿದ.

ಅಲ್ಲಿಯವರೆಗೆ ಹುಟ್ಟಿದಾಗಿನಿಂದ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ನಾನು ಉಬ್ಬಿಹೋದೆ. “ಕೆರ ಹೊಲಿಯೋದು ಬರ್ತದ್ರೀ! ನೋಡ್ರಿ, ಇವು ನಾನ ಹೊಲದಿದ್ದು!” ಎಂದು ಬಗಲಲ್ಲಿದ್ದ ಜೊತೆಯನ್ನು ತೆಗೆದು ತೋರಿಸಿದೆ.

“ಶಾಭಾಸ್!” ಅಂದ ಅವನು. “ನಾಳೆ ಮುಂಜಾನೆ ನನಗೊಂದು ಜೋಡಿ.”

ಪುಕ್ಕಟೆ ಎಂದು ಬೇರೆ ಹೇಳಬೇಕಾಗಿಲ್ಲ. ಮರುದಿನ ಅವನ ಗುಮಾಸ್ತನಿಗೆ, ಅದರ ಮರುದಿನ ಕುದುರೆ ಹಿಡಿಯುವವನಿಗೆ. ಆ ಅಧಿಕಾರಿಯ ನಂತರ ಬಂದ ಅಧಿಕಾರಿಗೆ, ಅವನ ಬೀಗರಿಗೆ. ಅರಕೇರಾದಲ್ಲಿ ಕೆರ ಹೊಲಿಯುವ ಹುಡುಗ ಒಬ್ಬನಿದ್ದಾನೆ ಎಂಬ ಮಾತು ಕಚೇರಿಯಿಂದ ಕಚೇರಿಗೆ ನಡೆದುಹೋಯಿತು. ನಮ್ಮಪ್ಪ ನನ್ನ ಬೆನ್ನಿಗೆ ನಾಲ್ಕು ಬಿಟ್ಟು, “ಬಾಯಿ ಇರೋದು ಉಣ್ಣಾಕ ಮಗನ, ಬರ್ತದ ಅನ್ನಾಕಲ್ಲ” ಅಂದ. ಮದುವೆಯಾದ ಮೇಲೆ ಈ ಕಾಟ ತಪ್ಪಲೆಂದೇ ಹೆಂಡತಿಯ ಊರಾದ ನೀರಮಾನ್ವಿಗೆ ಬಂದೆ. ವಾರ ತುಂಬಿರಲಿಲ್ಲ, ಬಾಗಿಲಿಗೆ ಒಬ್ಬ ಚಪರಾಸಿ. “ಅರಕೇರಾದಾಂವ ನೀನ ಅಲ್ಲೇನು? ಬರ್ತದಂತಲ್ಲ ನಿನಗ?”

ಅಂದಿನಿಂದ ನನ್ನದು ಒಂದೇ ನೇಮ. ಕೈಯಲ್ಲಿ ಬರೆಯುವ ವಹಿ ಹಿಡಿದವರು ಯಾರೇ ಬಂದು ಏನೇ ಕೇಳಲಿ, “ಏನೂ ಬರಂಗಿಲ್ರಿ” ಅನ್ನಬೇಕು. ಈಗ ಸರ್ಕಾರ ಬದಲಾಗಿದೆ, ಬಿಟ್ಟಿ ಚಾಕರಿ ಹೋಯಿತು ಎಂದು ಮಾಸ್ತರರು ಹೇಳಿದ್ದರು. ನನ್ನ ಕಿವಿ ಅದನ್ನು ಕೇಳಿತ್ತು. ಬೆನ್ನು ಇನ್ನೂ ಕೇಳಿರಲಿಲ್ಲ.

ಇನ್ನು ನನ್ನ ಮೊಮ್ಮಗಳಿಗೆ ಏನು ಬರುತ್ತದೆ ಎಂದರೆ, ಕಾಲು ಬರುತ್ತದೆ. ಬೇರೆ ಹುಡುಗಿಯರು ಮನುಷ್ಯರ ಮುಖ ನೋಡಿದರೆ ಇವಳು ಪಾದ ನೋಡುತ್ತಾಳೆ. ಕೆರ ಹೊಲಿಯುವಾಗ ಗಿರಾಕಿಯ ಪಾದವನ್ನು ಇದ್ದಲಿನಿಂದ ಸುತ್ತ ಗೀರಿ ಅಳತೆ ತೆಗೆಯುತ್ತೇವಲ್ಲ, ಆ ಕೆಲಸ ಇವಳಿಗೆ ಐದು ವರ್ಷದವಳಿದ್ದಾಗಲೇ ಬಂತು. ಆಮೇಲೆ ಗಿರಾಕಿಯಲ್ಲದವರದೂ ಗೀರತೊಡಗಿದಳು. ನಮ್ಮ ಹಿಂದಿನ ಗೋಡೆಯ ತುಂಬ ಊರವರ ಪಾದಗಳೇ. ನನ್ನ ಹೆಂಡತಿ ಹಬ್ಬಕ್ಕೊಮ್ಮೆ ಸುಣ್ಣ ಬಳಿದರೆ ಇವಳು ಹಬ್ಬ ಮುಗಿಯುವುದರೊಳಗೆ ಮತ್ತೆ ಗೋಡೆ ತುಂಬುತ್ತಿದ್ದಳು. “ಮಂದಿ ಮನಿ ಗ್ವಾಡಿ ಮ್ಯಾಲ ದೇವ್ರು ಇರ್ತಾವ, ನಮ್ಮ ಗ್ವಾಡಿ ಮ್ಯಾಲ ಊರ ಮಂದಿ ಒದಿಯಾಕತ್ತಾರ” ಎಂದು ಹೆಂಡತಿ ಗೊಣಗುತ್ತಿದ್ದಳು.

ಹೊಸ ಕೆರ ಯಾರಿಗೆ ಎಲ್ಲಿ ಕಚ್ಚುತ್ತದೆ ಎಂದು ಹಾಕಿಕೊಳ್ಳುವ ಮೊದಲೇ ಹೇಳುತ್ತಿದ್ದಳು. ಒಂದು ದಿನ ಊಟದ ನಡುವೆ ನನ್ನ ಕಾಲು ಹಿಡಿದು, “ಮುತ್ಯಾ, ಹೆಬ್ಬೆರಳಿಗೆ ಎರಡ ಗಂಟು, ಉಳಿದ ಬೆರಳಿಗೆ ಮೂರು. ಯಾಕ?” ಅಂದಳು. ಐವತ್ತು ವರ್ಷ ಆ ಬೆರಳಿನ ಮೇಲೆ ನಿಂತಿದ್ದೇನೆ, ಎಣಿಸಿರಲಿಲ್ಲ. “ದೇವ್ರಿಗೆ ಹೆಬ್ಬೆರಳು ಮಾಡೂ ಹೊತ್ತಿಗೆ ಹಸಿವಾಗಿತ್ತು” ಅಂದೆ. ಒಪ್ಪಲಿಲ್ಲ ಅವಳು.

ಅವಳ ಓದಿಗೆ ಒಂದೇ ಅಡ್ಡಿ, ನನ್ನ ಹೆಂಡತಿಯ ತಮ್ಮ. ಹಿರೇಕೊಟ್ನೆಕಲ್‌ನಲ್ಲಿ ಇರುತ್ತಾನೆ. ತನ್ನ ಮೊಮ್ಮಗನಿಗೆ ಇವಳನ್ನು ತಂದುಕೊಳ್ಳಬೇಕೆಂದು ಎರಡು ವರ್ಷದಿಂದ ಕೂತಿದ್ದ. ಹುಡುಗ ಕೆಟ್ಟವನಲ್ಲ, ಎದ್ದಿದ್ದಾಗ ಒಳ್ಳೆಯವನೇ. ಆದರೆ ಎದ್ದಿರುವುದು ಕಡಿಮೆ. ನನ್ನ ಹೆಂಡತಿ ಸ್ಪಷ್ಟವಾಗಿ ಹೇಳಿಬಿಟ್ಟಿದ್ದಳು: “ಸೀಟು ಸಿಕ್ಕರ ಓದ್ಲಿ. ಸಿಗಲಿಲ್ಲಂದ್ರ ಈ ಯುಗಾದಿಗೆ ತಲಿ ಮ್ಯಾಲ ಅಕ್ಕಿಕಾಳು. ಹದಿನಾಲ್ಕರ ಹುಡುಗೀನ ಗ್ವಾಡಿ ಗೀರಿಸಿಕೋತ ಮನ್ಯಾಗ ಇಟ್ಕೊಳಾಕ ಆಗಂಗಿಲ್ಲ.” ಮೊಮ್ಮಗಳು ಅದಕ್ಕೆ ತಕರಾರು ಮಾಡಲಿಲ್ಲ. ಆ ರಾತ್ರಿ ಮಾತ್ರ ಊಟ ಬಿಟ್ಟಳು.

ಹೋಗುವ ದಿನ ಹುಡುಗಿಯ ಅಪ್ಪ, ನನ್ನ ಮಗ, ಕೂಲಿಗೆ ಹೋದ, ಸೊಸೆ ಮನೆಯಲ್ಲಿ ಉಳಿದಳು. ನಾನು, ಹೆಂಡತಿ, ಮೊಮ್ಮಗಳು ಮೂವರೂ ನಸುಕಿನಲ್ಲೇ ಎದ್ದು, ಮಾನ್ವಿಯಿಂದ ಬರುವ ಇದ್ದಲಿ ಬಸ್ಸು ಹತ್ತಿದೆವು. ಬಸ್ಸಿನ ಬೆನ್ನಿಗೆ ಒಲೆ, ಒಲೆಯಲ್ಲಿ ಇದ್ದಲು, ಏರು ಬಂದರೆ ಎಲ್ಲರೂ ಇಳಿದು ನಡೆಯುವುದು. ಅದು ಒಳ್ಳೆಯದೇ ಆಯಿತು, ಪಾಠ ಹೇಳಿಕೊಡಲು ಹೊತ್ತು ಸಿಕ್ಕಿತು. ಸೀಟಿನಲ್ಲಿ ಅವಳ ಎದುರು ಕೂತು ಮೀಸೆ ತಿರುವಿ ನಾನೇ ಸಾಹೇಬನಾದೆ.

“ಏನು ಬರ್ತದ ನಿನಗ?”

“ಏನೂ ಬರಂಗಿಲ್ರಿ.”

“ಯಾವುದ್ರ ಮ್ಯಾಲ ಮನಸ್ಸು?”

“ಯಾವುದ್ರ ಮ್ಯಾಲೂ ಇಲ್ರಿ.”

“ಮುಂದ ಏನಾಗ್ತಿ?”

“ನೀವು ಹೇಳಿದಂಗ್ರಿ.”

“ಎಲ್ಲಿ ನೋಡ್ತಿ?”

“ನೆಲ ನೋಡ್ತೀನಿ. ಮುಖ ನೋಡಂಗಿಲ್ಲ.”

“ಭೇಷ್!” ಅಂದದ್ದು ನಾನಲ್ಲ, ಕಂಡಕ್ಟರ್. “ಹುಡುಗಿ ಭಾಳ ಶಾಣ್ಯಾ ಅದಾಳ. ಹಿಂಗ ಹೇಳಿದ್ರ ಯಾಂವ ಸಾಹೇಬನೂ ಮುಟ್ಟಂಗಿಲ್ಲ.”

ಹಿಂದಿನ ಸೀಟಿನ ರೈತನೊಬ್ಬ ಕತ್ತು ಚಾಚಿ, “ಒಂದೀಟು ಕೆಮ್ಮು ಅನ್ರಿ. ಕೆಮ್ಮೋರನ್ನ ಕೆಲಸಕ್ಕ ಹಚ್ಚಂಗಿಲ್ಲ” ಎಂದು ತನ್ನ ಅನುಭವ ಸೇರಿಸಿದ.

“ಕೆಮ್ಮಿದ್ರ ಬೋರ್ಡಿಂಗಿಗೆ ಅಲ್ಲ, ದವಾಖಾನಿಗೆ ಹಾಕ್ತಾರ,” ಅಂದಳು ನನ್ನ ಹೆಂಡತಿ. “ಈ ಮುದುಕಂದು ಒಂದು ಸಾಲದಂತ ಊರೆಲ್ಲ ಮಾಸ್ತರರಾಗಾಕತ್ತಾರ.”

ಮೊಮ್ಮಗಳು ಮೆಲ್ಲಗೆ ಕೇಳಿದಳು. “ಮುತ್ಯಾ, ಏನೂ ಬರಂಗಿಲ್ಲ ಅಂದ್ರ ಸೀಟು ಯಾಕ ಕೊಡ್ತಾರ?”

“ಹುಚ್ಚಿ, ಬರಲಾರದವ್ರಿಗೇ ಅಲ್ಲೇನು ಕಲಸೋದು? ಬರೋರಿಗೆ ಸಾಲಿ ಯಾಕ ಬೇಕು?” ಅಂದೆ. ಇಡೀ ಬಸ್ಸು ಹೌದೌದು ಅಂದಿತು. ಇಷ್ಟು ಜನ ಒಪ್ಪಿದ ಮಾತು ತಪ್ಪಾಗಿರಲು ಸಾಧ್ಯವೇ ಎಂದು ನಾನೂ ಧೈರ್ಯವಾಗಿದ್ದೆ.

ರಾಯಚೂರಿನ ಕೋಟೆಯ ಹತ್ತಿರ ಒಂದು ಶಾಲೆ. ಒಳಗಿನ ಕೋಣೆಯಲ್ಲಿ ಉದ್ದ ಮೇಜು, ಮೇಜಿನ ಹಿಂದೆ ಇಬ್ಬರು. ಒಬ್ಬರು ಓದಿನ ಇಲಾಖೆಯ ಸಾಹೇಬರು. ಇನ್ನೊಬ್ಬರು ಹುಡುಗಿಯರ ಬೋರ್ಡಿಂಗು ನೋಡಿಕೊಳ್ಳುವ ಹೆಂಗಸು, ಎಲ್ಲರೂ ‘ಬಾಯಿಯವರು’ ಅನ್ನುತ್ತಿದ್ದರು, ಧಾರವಾಡದ ಕಡೆಯವರಂತೆ. ಮಕ್ಕಳು ಒಳಗೆ ಗೋಡೆಗೆ ಸಾಲಾಗಿ ನಿಂತರು. ನಮ್ಮನ್ನು ಹೊರಗಿನ ಪಡಸಾಲೆಯಲ್ಲಿ ಕೂರಿಸಿದರು. ಕಿಟಕಿಗೆ ಬಾಗಿಲಿರಲಿಲ್ಲ, ಆದ್ದರಿಂದ ಎಲ್ಲ ಹಿರಿಯರ ತಲೆಗಳೂ ಕಿಟಕಿಯಲ್ಲೇ ಇದ್ದವು. ನನ್ನ ಪಕ್ಕಕ್ಕೆ ಮಾನ್ವಿಯ ಒಬ್ಬ ಬಳೆಗಾರ ಸಾಬಣ್ಣ ಸಿಕ್ಕಿದ. ಅವನ ಮಗಳೇ ಎಲ್ಲರಿಗಿಂತ ಮೊದಲು.

ಆ ಹುಡುಗಿ ಕರೆಯುವ ಮೊದಲೇ ಮುಂದೆ ಬಂದು, “ನನಗ ಹಾಡು ಬರ್ತದ, ಬಳಿ ಇಡಸೋದು ಬರ್ತದ, ಜಗಳ ಬರ್ತದ. ನಾ ರೈಲಿನಾಗ ಟಿಕೀಟು ನೋಡೋ ಬಾಯಿ ಆಗ್ತೀನಿ” ಅಂದಳು.

“ಆ ಕೆಲಸದಾಗ ಹೆಂಗಸರು ಯಾರೂ ಇಲ್ಲಲ್ಲ ಬೇಟಿ?” ಅಂದರು ಸಾಹೇಬರು.

“ಅದಕ್ಕ ಜಾಗಾ ಖಾಲಿ ಅದಲ್ರೀ!”

ಬಳೆಗಾರ ನನ್ನ ತೊಡೆಗೆ ಹೊಡೆದು, “ದೇಖೇ ಕ್ಯಾ ಚಾಚಾ? ಮೇರಿ ಬೇಟಿ!” ಅಂದ. ನನಗೆ ಅವನ ಮೇಲೆ ಕನಿಕರ ಬಂತು. ಪಾಪ, ನಾಳೆಯಿಂದ ಕಚೇರಿಯವರ ಮನೆಮನೆಗೂ ಪುಕ್ಕಟೆ ಬಳೆ ಇಡಿಸಬೇಕಲ್ಲ ಅಂದುಕೊಂಡೆ.

ಆಮೇಲೆ ದೇವದುರ್ಗದ ಕಡೆಯ ಹುಡುಗರು. ಮೊದಲನೆಯವನು ಬಂದ. “ಏನು ಬರ್ತದ?” “ಏನೂ ಬರಂಗಿಲ್ರಿ.” ಎರಡನೆಯವನು ಬಂದ. “ಏನೂ ಬರಂಗಿಲ್ರಿ.” ಮೂರನೆಯವನು ಪ್ರಶ್ನೆ ಮುಗಿಯುವುದನ್ನೂ ಕಾಯಲಿಲ್ಲ. ನಾನು ಆ ಹುಡುಗರ ಹಿರಿಯರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಿದರು. ಬೇರೆ ಬೇರೆ ಊರಿನ ನಾವೆಲ್ಲ ಒಂದೇ ಗುರುವಿನ ಶಿಷ್ಯರು ಎಂದು ತಿಳಿಯಿತು.

ಸಾಹೇಬರು ಕೈಯಲ್ಲಿದ್ದ ಲೇಖಣಿಯನ್ನು ಮೇಜಿಗೆ ಕುಟ್ಟಿದರು. “ಅರೇ! ಈ ಕಡಿ ಮಂದಿಗೆ ಯಾರಿಗೂ ಏನೂ ಬರಂಗಿಲ್ಲೇನು?”

“ಇಲ್ರೀ ಸಾಹೇಬ್ರ!” ಎಂದು ಕಿಟಕಿಯಿಂದ ನಾವೆಲ್ಲ ಒಂದೇ ದನಿಯಲ್ಲಿ ಹೇಳಿದೆವು.

ಬಾಯಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕೆಮ್ಮು ಇರಬೇಕು.

ನಾಲ್ಕನೆಯ ಹುಡುಗ ಪಾಠ ಮರೆತ. ರೈಲಿಂಜಿನ್ನಿಗೆ ಕಲ್ಲಿದ್ದಲು ಹಾಕುವವನಾಗುತ್ತೇನೆ ಅಂದ. “ಡ್ರೈವರ್ ಯಾಕ ಬ್ಯಾಡ?” ಎಂದು ಬಾಯಿಯವರು ಕೇಳಿದರೆ, “ಡ್ರೈವರ್‌ಗ ಹೊರಗ ನೋಡಬೇಕಾಗ್ತದ್ರಿ, ಗಾಳಿ ಹೊಡಿತದ. ಇದ್ದಲಾ ಹಾಕಾಂವಗ ಬೆಚ್ಚಗ ಇರ್ತದ” ಅಂದ. ಐದನೆಯವನು ದುಂಡಗಿದ್ದ. ಬೋರ್ಡಿಂಗಿನಲ್ಲಿ ದಿನಕ್ಕೆ ಎಷ್ಟು ಸಲ ಊಟ ಎಂದು ಅವನೇ ಮೊದಲು ಪ್ರಶ್ನೆ ಹಾಕಿ, ಉತ್ತರ ಕೇಳಿದ ಮೇಲೆ, ಮುಂದೆ ತಾನು ಬೋರ್ಡಿಂಗಿನ ಅಡಿಗೆಯವನಾಗುವೆನೆಂದು ತಿಳಿಸಿದ.

ನಂತರ ನನ್ನ ಮೊಮ್ಮಗಳು.

ಹೇಳಿಕೊಟ್ಟ ಹಾಗೇ ಬಂದಳು. ಕೈ ಕಟ್ಟಿದಳು. ತಲೆ ತಗ್ಗಿಸಿದಳು. ಹೆಸರು ಹೇಳಿದಳು, ಊರು ಹೇಳಿದಳು. ಏನು ಬರ್ತದ ಎಂದದ್ದಕ್ಕೆ ಏನೂ ಬರಂಗಿಲ್ರಿ. ಯಾವುದ್ರ ಮ್ಯಾಲ ಮನಸ್ಸು ಎಂದದ್ದಕ್ಕೆ ಯಾವುದ್ರ ಮ್ಯಾಲೂ ಇಲ್ರಿ. ಒಂದು ಅಕ್ಷರ ತಪ್ಪಲಿಲ್ಲ. ನಾನು ಹೆಂಡತಿಯ ಕಡೆ ತಿರುಗಿ, “ಹೆಂಗ?” ಅಂದೆ. ಅವಳು ನನ್ನನ್ನು ನೋಡಲಿಲ್ಲ, ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಬಾಯಿಯವರು ನಿಟ್ಟುಸಿರು ಬಿಟ್ಟು, ಮುಂದಿದ್ದ ಹಾಳೆಯ ಮೇಲೆ ಅಡ್ಡಗೀಟು ಎಳೆದರು. “ಆಯಿತು ಕೂಸ, ನೀ ಊರಿಗೆ ಹೋಗು. ಮುಂದಿನವರು ಬರ್ರಿ.”

ಆ ಗೀಟಿನ ಸಪ್ಪಳ ನನಗೆ ಕಿಟಕಿಯವರೆಗೆ ಕೇಳಿಸಿತು. ಏನೂ ಬರಲಾರದವರಿಗೆ ಸೀಟು ಎಂದು ನಾನು ತಿಳಿದಿದ್ದು ಯಾಕೋ ಬೇರೆಯೇ ಆಗುತ್ತಿತ್ತು. ಮೊಮ್ಮಗಳು ಮಾತ್ರ ನಿಂತಲ್ಲಿಂದ ಅಲುಗಲಿಲ್ಲ. ನೆಲವನ್ನೇ ನೋಡುತ್ತಿದ್ದಳು. ನೆಲದ ಮೇಲೆ, ಮೇಜಿನ ಕೆಳಗೆ, ಏನಿತ್ತು? ನಾಲ್ಕು ಕಾಲುಗಳಿದ್ದವು.

“ಬಾಯಾರ,” ಅಂದಳು ತಲೆ ಎತ್ತದೆಯೇ, “ನಿಮ್ಮ ಎಡಗಾಲಿನ ಕಿರುಬೆರಳು ಸಂಜೀಕ ಉರೀತದಲ್ರಿ?”

ಬಾಯಿಯವರು ಸರಕ್ಕನೆ ಕಾಲು ಹಿಂದಕ್ಕೆಳೆದುಕೊಂಡರು. “ಯಾರು ಹೇಳಿದರು ನಿನಗ?”

“ಚಪ್ಪಲಿ ನೋಡಿದ್ರ ಗೊತ್ತಾಗ್ತದ್ರಿ. ಎಡದ್ದು ಹೊರಮಗ್ಗಲಿಗೆ ಸವದದ, ಬಲದ್ದು ಸವದಿಲ್ಲ. ಪಟ್ಟಿ ಜೋಳದ ಕಾಳಿನಷ್ಟು ಹಿಂದ ಹೊಲದಾರ. ಬಿಚ್ಚಿ ಮುಂದ ಹೊಲದ್ರ ಹೋಗ್ತದ.”

ಸಾಹೇಬರಿಗೆ ನಗು ಬಂತು. “ಹೌದಾ? ಹಂಗಾದ್ರ ನನ್ನವು?”

“ನಿಮ್ಮ ಬೂಟು ನಿಮ್ಮವಲ್ಲರಿ.”

“ಅರೇ! ಮತ್ತ ಯಾರವು?” ಅಂದರು ಸಾಹೇಬರು.

“ಅದು ಗೊತ್ತಿಲ್ರಿ. ನಿಮಗಿಂತ ಎತ್ತರ ಇರೋ ಮನಶ್ಯಾಂದು. ಬೂಟಿನ ಮಡಿಕಿ ಒಂದ ಕಡಿ ಬಿದ್ದದ, ನಿಮ್ಮ ಬೆರಳು ಇನ್ನೊಂದ ಕಡಿ ಮಡಚ್ತಾವ. ಹಿಮ್ಮಡ ಉಜ್ಜಿ ಕೆಂಪಗಾಗೇದ. ಅದಕ್ಕ ನೀವು ಬಿಚ್ಚಿಟ್ಟು ಕುಂತೀರಿ.”

ಬಾಯಿಯವರು ಬಗ್ಗಿ ಮೇಜಿನ ಕೆಳಗೆ ನೋಡಿದರು. ಸಾಹೇಬರ ಪಾದಗಳು ಅವಸರವಸರವಾಗಿ ಬೂಟುಗಳನ್ನು ಹುಡುಕುತ್ತಿದ್ದವು. “ಹೆಂಡ್ತಿ ತಮ್ಮಂದು,” ಎಂದು ಅವರು ಗೋಡೆಗೆ ಹೇಳಿದರು.

ಬಾಯಿಯವರು ಈಗ ಸೆರಗು ಗಿರಗು ಏನೂ ಇಲ್ಲದೆ ನಕ್ಕುಬಿಟ್ಟರು. “ಮತ್ತ ಏನೂ ಬರಂಗಿಲ್ಲ ಅಂದೆಲ್ಲ?”

“ಕಾಲು ನೋಡೋದು ಬರ್ತದ್ರಿ,” ಅಂದಳು ನನ್ನ ಮೊಮ್ಮಗಳು. “ಕೆರ ಹೊಲಿಯೋದೂ ಬರ್ತದ.”

ಬರ್ತದ! ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಕಣ್ಣ ಮುಂದೆ ಹುಣಸೆ ಮರ ಬಂತು, ಡೇರೆ ಬಂತು, ಚಪರಾಸಿ ಬಂದ. ಬೋರ್ಡಿಂಗಿನ ಮೂಲೆಯಲ್ಲಿ ಈ ಹುಡುಗಿ ಕೂತು ಸಾಹೇಬರಿಗೆ, ಅವರ ಹೆಂಡತಿಗೆ, ಆ ಉದ್ದನೆಯ ತಮ್ಮನಿಗೆ ಕೆರ ಹೊಲಿಯುತ್ತಿರುವುದು ಕಂಡಿತು. ಎದ್ದು ಒಳಗೆ ನುಗ್ಗಿದೆ. “ಅರೇ ಚಾಚಾ, ಕಾಂ ಜಾತೆ ಜೀ, ಬೈಠೋ!” ಎಂದು ಬಳೆಗಾರ ನನ್ನನ್ನು ಕೂರಿಸಲು ಧೋತರ ಹಿಡಿದ. ಧೋತರದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ, ನಡುವೆ ಹೊಸ್ತಿಲು.

“ಬರಂಗಿಲ್ರೀ ಸಾಹೇಬ್ರ! ಆಕಿಗೇನೂ ಬರಂಗಿಲ್ಲ! ಸುಳ್ಳು ಹೇಳಾಕತ್ತಾಳ, ಸಣ್ಣ ಕೂಸು!”

“ಯಾರು ಇವರು?” ಅಂದರು ಬಾಯಿಯವರು.

“ನಮ್ಮ ಮುತ್ಯಾರಿ,” ಅಂದಳು ಮೊಮ್ಮಗಳು, ನೆಲ ನೋಡುತ್ತಲೇ.

“ಯಜಮಾನ್ರ, ಮೊಮ್ಮಗಳು ಶಾಣ್ಯಾ ಅಂತ ಹೇಳ್ಲಿಕ್ಕೆ ಬಂದವರನ್ನ ನಾ ಭಾಳ ನೋಡೀನಿ. ದಡ್ಡಿ ಅಂತ ಹೇಳ್ಲಿಕ್ಕೆ ಓಡಿ ಬಂದವರು ನೀವೊಬ್ಬರ.”

ಅವರು ಎದ್ದು ಬಂದರು. ಬಾಗಿಲ ಹೊರಗೆ ಮಕ್ಕಳೆಲ್ಲ ಬಿಟ್ಟಿದ್ದ ಚಪ್ಪಲಿಗಳಿದ್ದವು. “ಇದರಾಗ ಇಕಿಯವು ಯಾವು?” ಎಂದು ಕೇಳಿ, ನಾನು ಬೇಡ ಬೇಡ ಅನ್ನುವುದರೊಳಗೆ, ಮೊಮ್ಮಗಳು ಬೆರಳು ಮಾಡಿ ತೋರಿಸಿದ್ದನ್ನು ಬಗ್ಗಿ ಕೈಗೆ ಎತ್ತಿಕೊಂಡರು. ನಮ್ಮ ಮನೆಯ ಹುಡುಗಿ ಕಾಲಿಗೆ ಹಾಕಿದ್ದನ್ನು ಅಂಥವರು ಕೈಯಲ್ಲಿ ಹಿಡಿದದ್ದನ್ನು ನಾನು ಹುಟ್ಟಿದ ಮೇಲೆ ಮೊದಲು ನೋಡಿದ್ದು. ಹಿಂದೆ ಮುಂದೆ ತಿರುಗಿಸಿ ನೋಡಿದರು. “ಈ ಹೊಲಿಗಿ ಯಾರದು? ಖರೇ ಹೇಳ್ರಿ. ನಿಮ್ಮದೋ, ಇಕಿದೋ?”

ನನ್ನದು ಅಂದರೆ ಮುಗಿಯಿತು, ಹುಡುಗಿ ಬಿಟ್ಟಿ ಚಾಕರಿಯಿಂದ ಪಾರು. ಆದರೆ ಯುಗಾದಿಗೆ ಮದುವೆಯಾಗಿ ಹಿರೇಕೊಟ್ನೆಕಲ್ಲಿಗೆ. ಅವಳದು ಅಂದರೆ ಏನಾಗುತ್ತದೋ ನನಗೆ ತಿಳಿಯದು. ಆ ಚಪ್ಪಲಿ ನೋಡಿದೆ. ಅಟ್ಟೆಯ ಅಂಚಿನಲ್ಲಿ ಹೊಲಿಗೆ ಇರುವೆ ಸಾಲಿನ ಹಾಗೆ ಸಣ್ಣಗೆ ಹೋಗಿತ್ತು. ನಾನು ನಲವತ್ತು ವರ್ಷ ಹೊಲಿದರೂ ಅಷ್ಟು ಸಣ್ಣ ಹೊಲಿಗೆ ನನಗೆ ಬಿದ್ದಿಲ್ಲ. ಅದನ್ನು ನನ್ನದೆಂದು ಹೇಳಲು ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಮೊಮ್ಮಗಳು ತಲೆ ಎತ್ತಿದಳು. ಅವತ್ತು ಅವಳು ನೋಡಿದ ಮೊದಲ ಮುಖ ನನ್ನದು.

“ಆಕೀದ್ರಿ,” ಅಂದೆ. “ಆಕೀನ ಹೊಲದಾಳ. ಆಕಿಗೆ ಬರ್ತದ್ರಿ. ನನಗಿಂತ ಚೊಲೋ ಬರ್ತದ.”

ಒಮ್ಮೆ ಬಾಯಿ ಬಿಟ್ಟ ಮೇಲೆ ಮುಚ್ಚಲು ಆಗಲಿಲ್ಲ. ನಲವತ್ತು ವರ್ಷ ತಡೆದಿಟ್ಟದ್ದಲ್ಲವೇ. ಗೋಡೆಯ ಮೇಲಿನ ಪಾದ ಹೇಳಿದೆ, ನನಗೆ ಅಕ್ಷರ ಕಲಿಸಿದ್ದು ಹೇಳಿದೆ, ಏಳು ತಿಂಗಳಿಗೆ ಹಲ್ಲು ಬಂದದ್ದು ಹೇಳಿದೆ. ಸಾಹೇಬರು ಗಡಿಯಾರ ನೋಡಿದರು. ಕಿಟಕಿಯಿಂದ ನನ್ನ ಹೆಂಡತಿ, “ಸಾಕು ಬಿಡ್ರಿ, ಸೀಟು ಹುಡುಗೀಗೆ ಕೇಳಾಕತ್ತೀವಿ, ಹಲ್ಲಿಗಲ್ಲ” ಅಂದ ಮೇಲೆ ನಿಂತೆ.

ಬಾಯಿಯವರು ಅವಳ ಕಡೆ ತಿರುಗಿದರು. “ಮುಂದ ಏನಾಗಬೇಕಂತ ಅದ? ಮುತ್ಯಾನ ಮಾತು ಬ್ಯಾಡ, ನಿಂದು ಹೇಳು.”

“ಕಾಲಿನ ಒಳಗ ಏನದಂತ ನೋಡಬೇಕ್ರಿ. ಹೆಬ್ಬೆರಳಿಗೆ ಎರಡ ಗಂಟು, ಉಳಿದವಕ್ಕ ಮೂರು. ಯಾಕಂತ ನಮ್ಮೂರಾಗ ಯಾರಿಗೂ ಗೊತ್ತಿಲ್ಲ.”

“ಅದಕ್ಕ ಡಾಕ್ಟರ್ ಆಗಬೇಕಾಗ್ತದ.”

“ಹಂಗಾದ್ರ ಅದ ಆಗ್ತೀನ್ರಿ,” ಅಂದಳು, ಸಂತೆಯಲ್ಲಿ ಬದನೆಕಾಯಿ ಆರಿಸಿದ ಹಾಗೆ.

ಸಾಹೇಬರು ಗಂಟಲು ಸರಿಮಾಡಿಕೊಂಡು, “ಬೇಟಿ, ಹಂಗಾದ್ರ ಈ ಬೂಟು ಸ್ವಲ್ಪ...” ಅಂದರು. ಬಂತಲ್ಲ ಬಿಟ್ಟಿ ಚಾಕರಿ ಅಂದುಕೊಂಡೆ. ಬಾಯಿಯವರು ಅವರನ್ನು ಒಂದೇ ಒಂದು ಸಲ ನೋಡಿದರು. “ಸ್ವಲ್ಪ ಸಡಲ ಅದಾವ ಅಂದೆ, ಅಷ್ಟ,” ಎಂದು ಸಾಹೇಬರು ಕಾಲು ಒಳಗೆ ಸೇರಿಸಿಕೊಂಡರು. ಬಾಯಿಯವರು ಹಾಳೆಯ ಮೇಲಿನ ಅಡ್ಡಗೀಟನ್ನು ಹೊಡೆದು ಹಾಕಿ ಪಕ್ಕದಲ್ಲಿ ಏನೋ ಬರೆದರು.

ಹೊರಗೆ ಬರುವಷ್ಟರಲ್ಲಿ ಗದ್ದಲವೋ ಗದ್ದಲ. ದೇವದುರ್ಗದ ಹಿರಿಯರು ತಮ್ಮ ಹುಡುಗರನ್ನು ರಟ್ಟೆ ಹಿಡಿದು ಮತ್ತೆ ಒಳಗೆ ದೂಡುತ್ತಿದ್ದರು. “ಸಾಹೇಬ್ರ, ನಮ್ಮ ಹುಡುಗಗೂ ಬರ್ತದ್ರಿ! ಗಾಬರಿಗೆ ಮರತಿದ್ದ! ಬಡಿಗತನ ಬರ್ತದ್ರಿ!” “ನಮ್ಮಾಂವಗ ಲೆಕ್ಕ ಬರ್ತದ್ರಿ, ಕೊಳಲೂ ಬರ್ತದ್ರಿ! ಲೇ, ಊದಲೇ!” ಹುಡುಗನ ಬಳಿ ಕೊಳಲಿರಲಿಲ್ಲ, ಬಾಯಿಂದಲೇ ಊದಿದ. ಸಾಹೇಬರು ತಲೆ ಹಿಡಿದುಕೊಂಡು ಸಾಲನ್ನು ಮೊದಲಿನಿಂದ ನಿಲ್ಲಿಸಿದರು.

ಮಧ್ಯಾಹ್ನ ಮೆಟ್ಟಿಲ ಮೇಲೆ ನಿಂತು ಪಟ್ಟಿ ಓದಿದರು. ಟಿಕೀಟು ಬಾಯಿಗೆ ಸಿಕ್ಕಿತು, ಇದ್ದಲಿನವನಿಗೆ ಸಿಕ್ಕಿತು, ಅಡಿಗೆಯವನಿಗೂ ಸಿಕ್ಕಿತು. ನೀರಮಾನ್ವಿ ಎಂದು ಓದಿದ್ದು ಕೇಳಿಸಿತು. ಆಮೇಲಿನದು ಕೇಳಿಸಲಿಲ್ಲ, ಬಳೆಗಾರ ನನ್ನನ್ನು ಅಪ್ಪಿ ಎತ್ತಿಬಿಟ್ಟಿದ್ದ. ಕೆಳಗಿಳಿಸಿದ ಮೇಲೆ ಹೆಂಡತಿಯನ್ನು ನೋಡಿದೆ. ಅವಳು ಅಲ್ಲೇ ಮೆಟ್ಟಿಲಿಗೆ ಕೂತು ಮೊಮ್ಮಗಳ ಪಾದ ಒರೆಸುತ್ತಿದ್ದಳು. ಧೂಳೇನೂ ಇರಲಿಲ್ಲ.

ಸಂಜೆ ಮನೆ ಮುಟ್ಟಿದರೆ ಕಟ್ಟೆಯ ಮೇಲೆ ಹೆಂಡತಿಯ ತಮ್ಮ ಕೂತಿದ್ದಾನೆ! ಸೀಟು ಸಿಗುವುದಿಲ್ಲವೆಂದು ಲೆಕ್ಕ ಹಾಕಿ, ಹಿರೇಕೊಟ್ನೆಕಲ್‌ನಿಂದ ನಡೆದುಕೊಂಡು ಬಂದು, ಮಾತು ಗಟ್ಟಿ ಮಾಡಿ ಹಂಚಲೆಂದು ಒಂದು ಪೊಟ್ಟಣ ಸಕ್ಕರೆಯನ್ನೂ ತಂದಿದ್ದ. ಸಕ್ಕರೆ ಕಣ್ಣಿಗೆ ಕಾಣದ ದಿನಗಳು ಅವು. ಎಲ್ಲಿ ಸಿಕ್ಕಿತೋ.

“ಬಂದ್ರೇನು ಮಾವಾ? ಸಿಗಲಿಲ್ಲ ಹೌದಿಲ್ಲೊ? ಇರ್ಲಿ ಬಿಡ್ರಿ,” ಅಂದ. “ಯಕ್ಕಾ, ತಾಟು ತಾ, ಸಕ್ಕರಿ ಹಂಚೇಬಿಡೂಣು.”

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ತಮ್ಮನ ಕೈಯಿಂದ ಪೊಟ್ಟಣ ತೆಗೆದುಕೊಂಡಳು. ಹಲ್ಲಿನಿಂದ ದಾರ ಕಡಿದಳು. “ಸೀಟು ಸಿಕ್ಕದ,” ಅಂದಳು. “ನಮ್ಮ ಹುಡುಗಿ ಡಾಕ್ಟರ್ ಆಗ್ತಾಳ. ಚೊಲೋ ಆತು ಸಕ್ಕರಿ ತಂದಿದ್ದು. ಏ ಸೊಸಿ, ಗೋದಿ ಹುಗ್ಗಿಗೆ ಇಡು!”

“ಯಕ್ಕಾ, ಅದು ನಿಶ್ಚಯದ ಸಕ್ಕರಿ!”

“ನಿಶ್ಚಯ ಆತಲ್ಲೋ. ಓದೋದು ನಿಶ್ಚಯ ಆತು.”

ಮದುವೆ ಮದುವೆ ಎಂದು ಎರಡು ವರ್ಷ ನನ್ನ ಕಿವಿ ತಿಂದವಳು ಇವಳೇನಾ ಎಂದು ನಾನು ನೋಡುತ್ತಾ ನಿಂತೆ. “ಏನು ನೋಡ್ತೀರಿ? ಕಟಗಿ ತರ್ರಿ,” ಅಂದಳು.

ಕೂಲಿಯಿಂದ ಮಗ ಬಂದ. ಸುದ್ದಿ ಕೇಳಿ ಮಗಳ ತಲೆಯ ಮೇಲೆ ಕೈಯಿಟ್ಟು, ಹಿತ್ತಲಿಗೆ ಹೋಗಿ, ಬಹಳ ಹೊತ್ತು ಮುಖ ತೊಳೆದುಕೊಂಡ. ಸೊಸೆ ಹುಂಜವನ್ನು ಹಿಡಿದು ಸಾರು ಮಾಡಿದಳು. ಸೀಟು ಸಿಕ್ಕರೆ ಸಂತೋಷಕ್ಕೆ, ಸಿಗದಿದ್ದರೆ ಬೀಗರಿಗೆ, ಹೇಗಿದ್ದರೂ ಅದರ ಆಯುಷ್ಯ ಮುಗಿದಿತ್ತಂತೆ. ನಮ್ಮ ಮನೆಯಲ್ಲಿ ಗಂಡಸರು ಮೊದಲು, ಹೆಂಗಸರು ಆಮೇಲೆ ಉಣ್ಣುವುದು. ಅವತ್ತು ನನ್ನ ಹೆಂಡತಿ, “ಯಾರು ಕಾಯ್ತಾರ, ಎಲ್ಲಾರೂ ಕುಂಡ್ರಿ” ಅಂದಳು. ಬಿಸಿ ರೊಟ್ಟಿ, ಹುಂಜದ ಸಾರು, ಹುಗ್ಗಿ ಮಧ್ಯೆ ಇಟ್ಟುಕೊಂಡು ಸುತ್ತ ಕೂತೆವು. ಹೆಂಡತಿಯ ತಮ್ಮ ಗೋಡೆಗೆ ಮುಖ ಮಾಡಿ ಕೂತಿದ್ದ. ಗೋಡೆಯ ತುಂಬ ಪಾದಗಳೇ ಇದ್ದುದರಿಂದ ಸ್ವಲ್ಪ ಹೊತ್ತಿಗೆ ನಮ್ಮ ಕಡೆ ತಿರುಗಿದ.

“ಡಾಕ್ಟರ್ ಆದ ಮ್ಯಾಲ ನನ್ನ ಮೊಣಕಾಲು ನೋಡ್ತಾಳೇನು ಈಕಿ?” ಎಂದು ಕೇಳಿದ.

“ಈಗ ನೋಡ್ತೀನಿ, ಕಾಲು ಚಾಚ್ರಿ,” ಎಂದು ಮೊಮ್ಮಗಳು ಎಡಗೈ ಚಾಚಿದಳು. “ಉಣ್ಣು ಮೊದಲು!” ಎಂದು ನಾವೆಲ್ಲ ಗದರಿದೆವು. ಅವಳು ಉಂಡಳು. ಅವನು ತನ್ನ ತಾಟನ್ನು ಮುಂದೆ ಸರಿಸಿ, “ಹಂಗಾದ್ರ ಹುಗ್ಗಿ ಇನ್ನೊಂದೀಟು ಹಾಕ್ರಿ, ನಂದ ಸಕ್ಕರಿ ಅದ” ಅಂದ. ಸೊಸೆ ನಗುತ್ತಾ ಅವನಿಗೆ ಹಾಕಿದಳು, ನನಗೂ ಹಾಕಿದಳು, ಮಗ ತಾನೂ ತಾಟು ಚಾಚಿದ. ಪಾತ್ರೆಯ ತಳದಲ್ಲಿ ಅಂಟಿದ್ದನ್ನು ಅಜ್ಜಿ ಮೊಮ್ಮಗಳು ಇಬ್ಬರೂ ಬೆರಳಿನಿಂದ ಬಳಿದುಕೊಂಡು ತಿನ್ನುತ್ತಿದ್ದರು.